ಟ್ರ್ಯಾಕ್ಟರ್ ಕೊಳ್ಳುವಾಗ ಎಚ್‌ಪಿಗಿಂತ ಮೊದಲು ತೂಕ ಕೇಳಿ

ಮೊದಲ ಬಾರಿ ಟ್ರ್ಯಾಕ್ಟರ್ ಕೊಳ್ಳುವವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಇಷ್ಟು ಎಕರೆಗೆ ಎಷ್ಟು ಎಚ್‌ಪಿ ಬೇಕು?’ ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಬದಲಾಗುವುದಿಲ್ಲ. ಟ್ರ್ಯಾಕ್ಟರಿನ ಗಾತ್ರ ಗೊತ್ತಾಗುವುದು ಎಕರೆಯಿಂದಲ್ಲ. ಹಿಂದೆ ಕಟ್ಟುವ ಸಲಕರಣೆ, ಅದು ಇಳಿಯುವ ಆಳ, ಕೆಳಗಿರುವ ಮಣ್ಣು, ಇವುಗಳಿಂದ. ಎಕರೆ ಲೆಕ್ಕಕ್ಕೆ ಬರುವುದು ಆಮೇಲೆ, ಮಣ್ಣಿನ ಹದ ಆರುವುದರೊಳಗೆ ಕೆಲಸ ಮುಗಿದೀತೇ ಎಂದು ನೋಡುವಾಗ.

ಒಂದು ಲೆಕ್ಕ ಹಾಕಿ ನೋಡೋಣ. ಎರಡು ಕುಳದ ಎಂ.ಬಿ. ನೇಗಿಲು (ಮಣ್ಣನ್ನು ಸೀಳಿ ಮಗುಚಿ ಹಾಕುವ ನೇಗಿಲು), ಒಂದೊಂದು ಕುಳ 30 ಸೆಂ.ಮೀ. ಅಗಲ ಕೊಯ್ಯುತ್ತದೆ, ಆಳ 20 ಸೆಂ.ಮೀ. ಅಂದರೆ ಒಟ್ಟು 1200 ಚದರ ಸೆಂ.ಮೀ. ಮಣ್ಣು ಸೀಳಬೇಕು. ನಡುತರದ ಬಿಗಿ ಮಣ್ಣಿನಲ್ಲಿ ಪ್ರತಿ ಚದರ ಸೆಂ.ಮೀ.ಗೆ ಸುಮಾರು 0.6 ಕೆ.ಜಿ. ಎಳೆತ ಬೇಕು, ಒಟ್ಟು 720 ಕೆ.ಜಿ. ಗಂಟೆಗೆ 5 ಕಿ.ಮೀ. ವೇಗದಲ್ಲಿ ಇಷ್ಟನ್ನು ಎಳೆಯಲು 13 ಎಚ್‌ಪಿ ಚಿಲ್ಲರೆ ಸಾಕು. ಸಡಿಲ ಮಣ್ಣಿನ ಮೇಲೆ ಇಂಜಿನ್ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಎಳೆತವಾಗಿ ಸಿಗುವುದರಿಂದ ಇಂಜಿನ್ 27 ಎಚ್‌ಪಿ ಇರಬೇಕು. ಗಟ್ಟಿ ಜಾಗ ಸಿಕ್ಕಾಗ ಒದ್ದಾಡದಂತೆ ಕಾಲು ಭಾಗ ಸೇರಿಸಿದರೆ 35ರ ಹತ್ತಿರ.

ಇಲ್ಲಿಗೆ ಲೆಕ್ಕ ಮುಗಿಯಿತು ಎಂದುಕೊಳ್ಳುವುದೇ ತಪ್ಪು. 720 ಕೆ.ಜಿ. ಎಳೆತವನ್ನು ಇಂಜಿನ್ ಹುಟ್ಟಿಸಿದರೂ ನೆಲಕ್ಕೆ ಮುಟ್ಟಿಸುವುದು ಹಿಂದಿನ ಟೈರು. ಎರಡು ಚಕ್ರಕ್ಕಷ್ಟೇ ಶಕ್ತಿ ಹೋಗುವ ಟ್ರ್ಯಾಕ್ಟರ್, ಟೈರು ಅತಿಯಾಗಿ ಜಾರದೆ, ತನ್ನ ತೂಕದ ಸುಮಾರು ಶೇ. 40ರಷ್ಟನ್ನು ಎಳೆಯಬಲ್ಲದು. ಹಾಗಾಗಿ ಈ ನೇಗಿಲಿಗೆ 1800 ಕೆ.ಜಿ. ತೂಕ ಬೇಕು. 1800 ಕೆ.ಜಿ. ತೂಗುವ 35 ಎಚ್‌ಪಿ ಗಾಡಿ ಇದನ್ನು ಎಳೆಯುತ್ತದೆ. 1500 ಕೆ.ಜಿ.ಯ 45 ಎಚ್‌ಪಿ ಗಾಡಿಗೆ 600 ಕೆ.ಜಿ.ಗೇ ಹಿಡಿತ ಮುಗಿಯುತ್ತದೆ. ಮಿಕ್ಕ ಶಕ್ತಿಯೆಲ್ಲ ಟೈರು ಸವೆಸಲು, ಡೀಸೆಲ್ ಸುಡಲು. ಹೆಚ್ಚು ಹಣ ಕೊಟ್ಟು ಕಡಿಮೆ ಕೆಲಸ ಕೊಂಡಂತಾಯಿತು. ಸಾಲ ಮಾಡಿ ಕೊಳ್ಳುವವರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲವಲ್ಲ ಎಂಬುದೇ ಸಂಕಟ.

ಈ ಅಂಕಿಗಳು ಅಂದಾಜು ಮಾತ್ರ. ಮರಳು ಮಿಶ್ರಿತ ಮಣ್ಣಿನಲ್ಲಿ ಬೇಕಾದ ಎಳೆತ ಅರ್ಧಕ್ಕೆ ಇಳಿಯಬಹುದು, ಒಣಗಿದ ಜೇಡಿಯಲ್ಲಿ ಚದರ ಸೆಂ.ಮೀ.ಗೆ 0.8 ಕೆ.ಜಿ. ದಾಟಬಹುದು. ತೂಕ ಸ್ವಲ್ಪ ಕಡಿಮೆಯಿದ್ದರೆ ಹಿಂದಿನ ಟೈರಿನ ಮುಕ್ಕಾಲು ಭಾಗಕ್ಕೆ ನೀರು ತುಂಬಿಸಬಹುದು, ಎರಕದ ಕಬ್ಬಿಣದ ತೂಕ ಕಟ್ಟಬಹುದು. ಆದರೆ ಕೈಪಿಡಿಯಲ್ಲಿರುವ ಮಿತಿ ಮೀರಿದರೆ ಗೇರು ಮತ್ತು ಆಕ್ಸಲ್ ಮೇಲೆ ಹೊರೆ ಬೀಳುತ್ತದೆ. ನೇಗಿಲು ಎತ್ತಿದಾಗ ಒಟ್ಟು ತೂಕದ ಐದನೇ ಒಂದು ಭಾಗವಾದರೂ ಮುಂದಿನ ಚಕ್ರಗಳ ಮೇಲೆ ಉಳಿಯಲೇಬೇಕು. ಇಲ್ಲದಿದ್ದರೆ ಸ್ಟೀರಿಂಗ್ ಕೈಗೆ ಸಿಗದು, ಏರಿನಲ್ಲಿ ಮೂತಿ ಮೇಲೆದ್ದು ಜೀವಕ್ಕೇ ಅಪಾಯ.

ತಿರುಗುವ ಅಲಗುಗಳಿಂದ ಮಣ್ಣು ಪುಡಿ ಮಾಡುವ ರೋಟವೇಟರ್‌ನ ಲೆಕ್ಕವೇ ಬೇರೆ. ಅದು ಎಳೆತದಿಂದಲ್ಲ, ಪಿಟಿಒದಿಂದ, ಅಂದರೆ ಇಂಜಿನ್ ಶಕ್ತಿಯನ್ನು ಸಲಕರಣೆಗೆ ಕೊಡುವ ಹಿಂದಿನ ತಿರುಗು ದಂಡದಿಂದ, ತಿರುಗುತ್ತದೆ. ಪಿಟಿಒಗೆ ಸಿಗುವುದು ಇಂಜಿನ್ ಶಕ್ತಿಯ ಶೇ. 85ರಿಂದ 90. ಆದ್ದರಿಂದ ಮಾರುವವರು ಹೇಳುವ ಎಚ್‌ಪಿ ಇಂಜಿನ್ನಿನದೋ ಪಿಟಿಒದ್ದೋ ಎಂದು ಕೇಳಿ ಬರೆದಿಟ್ಟುಕೊಳ್ಳಿ. ರೋಟವೇಟರ್ ಅಗಲ ಹಿಂದಿನ ಎರಡೂ ಟೈರುಗಳ ಗುರುತನ್ನು ಮುಚ್ಚಬೇಕು. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತಿರುವಾಗ ಗಾಡಿ ಗಂಟೆಗೆ 2–3 ಕಿ.ಮೀ. ನಡೆಯುವಂಥ ಗೇರು ಇದೆಯೇ ಎಂದೂ ನೋಡಿ. ಕೆಸರುಗದ್ದೆಯೇ ಮುಖ್ಯ ಕೆಲಸವಾದರೆ ಮೇಲಿನ ತೂಕದ ಮಾತು ತಿರುಗುಮುರುಗು: ಭಾರದ ಗಾಡಿ ಹೂತುಹೋಗುತ್ತದೆ.

ಸಲಕರಣೆ ಎತ್ತುವ ಸಾಮರ್ಥ್ಯ ಇಷ್ಟು ಕೆ.ಜಿ. ಎಂದು ಮಾರುವವರು ಹೇಳುವುದನ್ನೂ ಹಾಗೇ ನಂಬಬೇಡಿ. ಕೆಲವರು ಕೆಳಗಿನ ಲಿಂಕ್‌ಗಳ (ಸಲಕರಣೆ ಸಿಕ್ಕಿಸುವ ಹಿಂದಿನ ಎರಡು ತೋಳುಗಳ) ತುದಿಯಲ್ಲಿ ಅಳೆದದ್ದನ್ನು ಹೇಳುತ್ತಾರೆ, ಕೆಲವರು ಅಲ್ಲಿಂದ 610 ಮಿ.ಮೀ. ಹಿಂದೆ ಅಳೆದದ್ದನ್ನು. ಉದ್ದನೆಯ ಸಲಕರಣೆಗೆ ಎರಡನೆಯದೇ ಹತ್ತಿರದ ಲೆಕ್ಕ.

ಸಾಧ್ಯವಾದರೆ ಕೊಳ್ಳುವ ಮೊದಲು ನಿಮ್ಮದೇ ಹೊಲದಲ್ಲಿ, ನಿಮ್ಮದೇ ನೇಗಿಲಿನಿಂದ ಓಡಿಸಿ ನೋಡಿ. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ನೇಗಿಲು ಎತ್ತಿಕೊಂಡು ಹತ್ತು ಸುತ್ತು ಹೋದ ದೂರ ಅಳೆಯಿರಿ. ಆಮೇಲೆ ನೇಗಿಲನ್ನು ಪೂರ್ತಿ ಆಳಕ್ಕೆ ಇಳಿಸಿ ಮತ್ತೆ ಹತ್ತು ಸುತ್ತು. 40 ಮೀಟರ್ ಇದ್ದದ್ದು 35ಕ್ಕೆ ಇಳಿದರೆ ಜಾರುವಿಕೆ ಶೇ. 12.5, ಅಡ್ಡಿಯಿಲ್ಲ. 30ಕ್ಕೆ ಇಳಿದರೆ ಶೇ. 25, ಆಗುವುದಿಲ್ಲ. ಇಂಜಿನ್ ಆರಾಮಾಗಿದ್ದು ಟೈರು ಜಾರಿದರೆ ತೂಕ ಸಾಲದು. ಟೈರು ಹಿಡಿದಿದ್ದು, ಇಂಜಿನ್ ಕಪ್ಪು ಹೊಗೆ ಬಿಡುತ್ತಾ ಕುಗ್ಗಿದರೆ ಮಾತ್ರ ಹೆಚ್ಚಿನ ಎಚ್‌ಪಿಯ ಗಾಡಿ ಕೇಳಿ.