ಬಿದ್ದರೂ ಒಡೆಯದ ಫೋನು, ಯಾರ ದುಡ್ಡಲ್ಲಿ?

ಒಂದು ಮಳೆಗಾಲದ ಸಂಜೆ ನಮ್ಮೂರಿನ ಮೊಬೈಲ್ ಅಂಗಡಿಯಲ್ಲಿ ರೀಚಾರ್ಜ್‌ಗೆ ನಿಂತಿದ್ದೆ. ಪಕ್ಕದಲ್ಲಿ ಪ್ರೈಮರಿ ಶಾಲೆಯ ಟೀಚರ್ ಒಬ್ಬರು ನಿಂತಿದ್ದರು. ಮನೆಮನೆ ಸಮೀಕ್ಷೆಯ ಡ್ಯೂಟಿ ಬಿದ್ದಿತ್ತು. ಕತ್ತಿಗೆ ನೇತುಹಾಕುವ ಜಿಪ್ ಪೌಚು ಬೇಕಿತ್ತು.

‘ಇದರ ಮೇಲಿಂದ ಟಚ್ ಕೆಲಸ ಮಾಡುತ್ತೇನಪ್ಪಾ?’

‘ಮಾಡುತ್ತೆ ಮಿಸ್. ಫೋಟೊ ಮಾತ್ರ ಸ್ವಲ್ಪ ಮಂಜು ಮಂಜು ಬರುತ್ತೆ.’

ಸಮೀಕ್ಷೆಗೆ ಫೋಟೊನೇ ಮುಖ್ಯ. ಆದರೂ ಅವರು ಪೌಚು ತಗೊಂಡರು. ಅವರ ಕೈಲಿದ್ದದ್ದು ಸುಮಾರು ಹನ್ನೊಂದು ಸಾವಿರದ ಫೋನು. ಅದರ ಡಬ್ಬದ ಮೇಲೆ ‘ಮಿಲಿಟರಿ ಗ್ರೇಡ್’ ಅಂತ ಬರೆದಿತ್ತಂತೆ. ಮಿಲಿಟರಿ ಫೋನಿಗೆ ಎಂಬತ್ತು ರೂಪಾಯಿಯ ಪ್ಲಾಸ್ಟಿಕ್ ಚೀಲ ಯಾಕೆ ಬೇಕು ಅಂತ ಅವರೇ ನಕ್ಕರು.

ಹೊರಗೆ ಬಿಸಿಲು ಮಳೆಯಲ್ಲಿ ಕೆಲಸ ಮಾಡುವವರಿಗೆ ಎಂಥ ಫೋನ್ ಬೇಕು ಅನ್ನೋದು ಕೇಳೋಕೆ ಸುಲಭದ ಪ್ರಶ್ನೆ. ಗಟ್ಟಿ ಫೋನು ಅಂದರೆ ಏನು, ಅದು ಅಗ್ಗವಾಗಿ ಯಾಕೆ ಸಿಗಲ್ಲ, ಸಿಕ್ಕರೂ ಯಾಕೆ ಬಾಳಲ್ಲ, ಇದೆಲ್ಲ ಈಗ ಸಿಕ್ಕುಸಿಕ್ಕಾಗಿದೆ. ಬಿಡಿಸೋಕೆ ಸ್ವಲ್ಪ ಹಿಂದೆ ಹೋಗಬೇಕು.

ಎಂಬತ್ತು ವರ್ಷದ ಕಥೆಯನ್ನು ಒಂದೇ ಸಾಲಲ್ಲಿ ಹೇಳಿಬಿಡಬಹುದು: ಮೊದಲು ವಾಕಿಟಾಕಿ, ಆಮೇಲೆ ಪೇಜರು, ಆಮೇಲೆ ಇಟ್ಟಿಗೆಯಂಥ ಮೊಬೈಲು, ಈಗ ಗಾಜಿನ ಹಲಗೆ.

ಇಟ್ಟಿಗೆಯ ಕಾಲದಲ್ಲಿ ‘ಗಟ್ಟಿ ಫೋನು’ ಅನ್ನೋ ಮಾತಿಗೇ ಅರ್ಥ ಇರಲಿಲ್ಲ. ಎಲ್ಲವೂ ಗಟ್ಟಿಯೇ. 2003ರಲ್ಲಿ ಬಂದ ನೋಕಿಯಾ 1100 ನೆನಪಿದೆಯಲ್ವಾ? ಕೀಪ್ಯಾಡ್ ಮೇಲೆ ಧೂಳು ಒಳಗೆ ಹೋಗದ ಒಂದೇ ಹೊದಿಕೆ, ಬೆವರಿದ ಕೈಯಿಂದ ಜಾರದಂಥ ಬದಿ, ತಲೆಯಲ್ಲಿ ಟಾರ್ಚು. ಜಗತ್ತಿನಾದ್ಯಂತ 25 ಕೋಟಿಗೂ ಜಾಸ್ತಿ ಮಾರಾಟವಾಯಿತು. ನಮ್ಮ ಕಡೆ ಪಂಪ್‌ಸೆಟ್ ಹಾಕೋಕೆ ರಾತ್ರಿ ಹೊಲಕ್ಕೆ ಹೋಗುವವರ ಕೈಲೆಲ್ಲ ಅದೇ. ಅದನ್ನು ಯಾರೂ ಕೂಲಿಕಾರರ ಫೋನು ಅಂತ ಕರೆಯಲಿಲ್ಲ. ಸಾಹುಕಾರರ ಹತ್ತಿರವೂ ಅದೇ ಇತ್ತು.

ಬೇಕೆಂದೇ ಗಟ್ಟಿಯಾಗಿ ಮಾಡಿದ ಫೋನುಗಳೂ ಇದ್ದವು. 2000ದಲ್ಲೇ ಎರಿಕ್ಸನ್ ಆರ್310ಎಸ್ ಬಂತು, ಜಪಾನಿನಲ್ಲಿ ಕ್ಯಾಸಿಯೊ ನೀರಿಗೆ ಜಗ್ಗದ ಫೋನು ಮಾಡಿತು. ಆಮೇಲೆ ಸೋನಿಮ್ ಅನ್ನೋ ಅಮೆರಿಕದ ಕಂಪನಿ ಮೂರು ವರ್ಷದ ಗ್ಯಾರಂಟಿ ಕೊಟ್ಟು ಫೋನ್ ಮಾರಿತು. ಅದಕ್ಕೆ ಬೆಂಗಳೂರಿನಲ್ಲೂ ಎಂಜಿನಿಯರಿಂಗ್ ಕೇಂದ್ರ ಇತ್ತು. ಆದರೆ ಇವು ಗಣಿ, ಹಡಗು, ಎಣ್ಣೆ ಬಾವಿಗಳವರಿಗೆ. ನಮ್ಮ ಸಂತೆಗೆ ಬಂದವಲ್ಲ.

ನಮ್ಮಲ್ಲಿ ಹೊರಗಿನ ಕೆಲಸಕ್ಕೆ ಇದ್ದದ್ದು ಬೇರೆಯೇ ಯಂತ್ರ. ಮೀಟರ್ ಓದುವವರ ಹೆಗಲಲ್ಲಿ ಬಿಲ್ಲಿಂಗ್ ಮಷಿನ್, ಕಂಡಕ್ಟರ್ ಕೈಲಿ ಟಿಕೆಟ್ ಮಷಿನ್. ಬೆಂಗಳೂರಿನ ಐಐಎಸ್‌ಸಿಯ ಮೇಷ್ಟ್ರುಗಳೂ ಎನ್‌ಕೋರ್ ಕಂಪನಿಯವರೂ ಸೇರಿ ಮಾಡಿದ, ಕೈಲಿ ಹಿಡಿಯುವ ಸಿಂಪ್ಯೂಟರ್ ಕೂಡ ಇದೇ ಕಾಲದ್ದು. ಬಡವರ ಕಂಪ್ಯೂಟರ್ ಅಂತ ಹೊರಟ ಅದನ್ನು 2004ರಲ್ಲಿ ಬಿಇಎಲ್ ‘ಅಮಿಡಾ’ ಹೆಸರಲ್ಲಿ ಸುಮಾರು ಹತ್ತು ಸಾವಿರ ರೂಪಾಯಿಯಿಂದ ಮಾರಿತು. ಭೂಮಿ ಯೋಜನೆಯ ಜಮೀನು ದಾಖಲೆ ಕೆಲಸಕ್ಕೂ ಸಿಂಪ್ಯೂಟರ್ ಬಳಕೆಯಾಯಿತು. ಹೆಚ್ಚು ದಿನ ನಡೆಯಲಿಲ್ಲ, ಅದು ಬೇರೆ ಮಾತು. ಆ ಕಾಲದಲ್ಲಿ ಒಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ: ಕೆಲಸದ ಯಂತ್ರ ಆಫೀಸಿನದು. ಕೆಟ್ಟರೆ ಸ್ಟೋರಿಗೆ ವಾಪಸ್. ನಿಮ್ಮ ಜೇಬಿನ ನೋಕಿಯಾಗೂ ಅದಕ್ಕೂ ಸಂಬಂಧ ಇಲ್ಲ.

ಆಮೇಲೆ ಗಾಜು ಬಂತು. ಫೋನಿನ ಮುಖವೆಲ್ಲ ಗಾಜಾದ ಮೇಲೆ ಗಟ್ಟಿತನ ಅನ್ನೋದು ದುಡ್ಡು ಕೊಟ್ಟು ಬೇರೆಯಾಗಿ ಕೊಳ್ಳುವ ಗುಣವಾಯಿತು. 2010ರಲ್ಲಿ ಮೋಟೊರೋಲಾ ಡಿಫೈ, ಮರುವರ್ಷ ಸ್ಯಾಮ್‌ಸಂಗ್ ಎಕ್ಸ್‌ಕವರ್. ಆಮೇಲೆ ಬುಲ್ಲಿಟ್ ಅನ್ನೋ ಬ್ರಿಟನ್ನಿನ ಕಂಪನಿ ಜೆಸಿಬಿ ಥರದ ಹಳದಿ ಯಂತ್ರ ಮಾಡುವ ಕ್ಯಾಟರ್‌ಪಿಲ್ಲರ್ ಹೆಸರಲ್ಲಿ ಕ್ಯಾಟ್ ಫೋನುಗಳನ್ನು ತಂದಿತು. 2016ರ ಅವರ ಎಸ್60ರಲ್ಲಿ ಶಾಖ ತೋರಿಸುವ ಕ್ಯಾಮೆರಾನೇ ಇತ್ತು. ಎಲೆಕ್ಟ್ರಿಷಿಯನ್‌ಗಳ ಪಾಲಿಗೆ ಕನಸಿನ ಫೋನು. ಬೆಲೆ ಕೇಳಿದರೆ ಕನಸು ಒಡೆಯುತ್ತಿತ್ತು.

ಅದೇ 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು. ಡೇಟಾ ಅಗ್ಗವಾಯಿತು. ಫೋನು ಮಾತಾಡುವ ಸಾಮಾನಾಗಿ ಉಳಿಯಲಿಲ್ಲ. ಅದೇ ಅರ್ಜಿ ಫಾರಂ, ಅದೇ ಹಾಜರಿ ಪುಸ್ತಕ, ಅದೇ ಕ್ಯಾಮೆರಾ, ಅದೇ ನಕ್ಷೆ. ಆಫೀಸಿನ ಯಂತ್ರ ಮಾಡುತ್ತಿದ್ದ ಕೆಲಸವೆಲ್ಲ ಜೇಬಿನ ಫೋನಿಗೆ ಇಳಿಯಿತು.

ನನಗೆ ಚೆನ್ನಾಗಿ ಗೊತ್ತಿರೋದು ಇಲ್ಲಿಂದ ಮುಂದಿನ ಮೂರ್ನಾಲ್ಕು ವರ್ಷ. 2018ರಿಂದ ನಾನು ಗಾಳಿ ವಿದ್ಯುತ್ ಯೋಜನೆಯ ಸರ್ವೆ ತಂಡದಲ್ಲಿದ್ದೆ. ಹಿರಿಯೂರು, ಚಳ್ಳಕೆರೆ, ಆಮೇಲೆ ಗದಗದ ಕಡೆ. ಆಗ ಚೀನಾದ ಶೆಂಝೆನ್‌ನಿಂದ ಡೂಜಿ, ಬ್ಲ್ಯಾಕ್‌ವ್ಯೂ, ಯೂಲೆಫೋನ್, ಔಕಿಟೆಲ್ ಅಂತ ಹತ್ತಾರು ಹೆಸರಿನ ಗಟ್ಟಿ ಫೋನುಗಳು ಆನ್‌ಲೈನಿನಲ್ಲಿ ಸಿಗುತ್ತಿದ್ದವು. ಕ್ಯಾಟ್ ಫೋನಿನ ಅರ್ಧಕ್ಕೂ ಕಡಿಮೆ ದುಡ್ಡು. ನಮ್ಮ ಕಾಂಟ್ರ್ಯಾಕ್ಟರ್ ತಂಡಕ್ಕೆ ಅಂಥ ಎಂಟು ಫೋನು ತರಿಸಿಕೊಟ್ಟ. ಕಂಪನಿ ಯಾವುದು ಅನ್ನೋದು ಬೇಡ ಬಿಡಿ.

ನೋಡೋಕೆ ಜೋರಾಗಿತ್ತು. ಕಪ್ಪು ರಬ್ಬರ್ ಮೂಲೆ, ಕಿತ್ತಳೆ ಪಟ್ಟಿ, ಹೊರಗೇ ಕಾಣುವ ಸ್ಕ್ರೂಗಳು. ಅಂಗಿ ಜೇಬಿಗೆ ಹಾಕಿದರೆ ಜೇಬು ಎದೆಯಿಂದ ಹೊಟ್ಟೆಗೆ ಇಳಿಯುತ್ತಿತ್ತು. ಬೈಕಿನಿಂದ ಬಿದ್ದಿದೆ, ಕಲ್ಲು ಗುಡ್ಡದಲ್ಲಿ ಉರುಳಿದೆ, ಒಮ್ಮೆ ಅದರಿಂದ ಗೂಟವನ್ನೂ ಬಡಿದಿದ್ದೇವೆ. ಪರದೆಗೆ ಏನೂ ಆಗಲಿಲ್ಲ.

ಕೆಟ್ಟದ್ದು ಬೇರೆ ಕಡೆ. ಚಾರ್ಜಿಂಗ್ ತೂತಿಗೆ ಒಂದು ರಬ್ಬರ್ ಮುಚ್ಚಳ ಇರುತ್ತೆ. ಕಡ್ಡಿಯಷ್ಟು ದಪ್ಪದ ರಬ್ಬರ್ ಎಳೆಯಲ್ಲಿ ಅದು ಫೋನಿಗೆ ಅಂಟಿಕೊಂಡಿರುತ್ತೆ. ದಿನಕ್ಕೆ ಎರಡು ಸಲ ಉಗುರಿನಿಂದ ಎಬ್ಬಿಸಬೇಕು. ಆರು ತಿಂಗಳಿಗೆ ಎಳೆ ಕಿತ್ತುಬರುತ್ತೆ. ಆಮೇಲೆ ಧೂಳು ನೀರು ಒಳಗೆ ಹೋಗಲ್ಲ ಅಂತ ಡಬ್ಬದ ಮೇಲೆ ಬರೆದ ಐಪಿ68 ಎಲ್ಲ ಸುಮ್ನೆ. ಗದಗದ ಎರೆ ಮಣ್ಣಿನ ಧೂಳು ನೇರ ಒಳಗೆ. ಇನ್ನೊಂದು ತಮಾಷೆ ಅಂದರೆ, ಆ ತೂತು ಆಳದಲ್ಲಿರುತ್ತಿತ್ತು. ಮಾಮೂಲಿ ಚಾರ್ಜರಿನ ಮೂತಿ ತಲುಪುತ್ತಿರಲಿಲ್ಲ. ಉದ್ದ ಮೂತಿಯ ಕೇಬಲ್ಲೇ ಬೇಕು. ಅದು ಫೋನಿನ ಜೊತೆ ಬಂದದ್ದು ಒಂದೇ ಒಂದು. ಕಳೆದುಹೋದರೆ ಚಳ್ಳಕೆರೆಯಲ್ಲಿ ಎಲ್ಲಿ ಹುಡುಕೋದು? ಹುಡುಗರು ಬ್ಲೇಡಿನಿಂದ ಮಾಮೂಲಿ ಕೇಬಲ್ಲಿನ ಪ್ಲಾಸ್ಟಿಕ್ ಕೆತ್ತಿ ಮೂತಿ ಉದ್ದ ಮಾಡುತ್ತಿದ್ದರು.

ಮಧ್ಯಾಹ್ನ ಹನ್ನೆರಡಕ್ಕೆ ಪರದೆ ಕಾಣುತ್ತಿರಲಿಲ್ಲ. ಟವೆಲ್ ತಲೆಮೇಲೆ ಹೊದ್ದು, ಹಳೇ ಫೋಟೊಗ್ರಾಫರ್ ಥರ ಅದರೊಳಗೆ ಫೋನ್ ನೋಡಬೇಕು. ಏಪ್ರಿಲ್‌ನಲ್ಲಿ ಫೋನು ಬಿಸಿಯಾಗಿ ಚಾರ್ಜ್ ತಗೊಳ್ಳೋದನ್ನೇ ನಿಲ್ಲಿಸುತ್ತಿತ್ತು. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡಬಾರದು. ಬಿಸಿಲಲ್ಲಿ ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದ ಕಪ್ಪು ಫೋನು ಅಷ್ಟು ಬಿಸಿಯಾಗೋಕೆ ಎಷ್ಟು ಹೊತ್ತು? ಮೈಯೆಲ್ಲ ರಬ್ಬರ್ ಸುತ್ತಿದ್ದರಿಂದ ಶಾಖ ಹೊರಗೆ ಹೋಗೋಕೂ ದಾರಿ ಕಡಿಮೆ.

ಇಷ್ಟಾದರೂ ಎಂಟರಲ್ಲಿ ಐದು ಫೋನು ಬದುಕಿದ್ದವು. ಅವನ್ನು ಕೊಂದದ್ದು ಆ್ಯಪು. ಫೋನುಗಳು ಬಂದಾಗ ಯಾವ ಆಂಡ್ರಾಯ್ಡ್ ಇತ್ತೋ ಕೊನೆತನಕ ಅದೇ. ಅಪ್‌ಡೇಟ್ ಅಂತ ಒಂದೂ ಬರಲಿಲ್ಲ. 2021ರಲ್ಲಿ ನಮ್ಮ ಸರ್ವೆ ಆ್ಯಪಿನ ಹೊಸ ಆವೃತ್ತಿ ಬಂತು. ಹಳೇ ಆಂಡ್ರಾಯ್ಡ್‌ಗೆ ಅದು ಹಾಕೋಕೇ ಬರಲ್ಲ ಅಂತು. ಒಂದು ಗೀರೂ ಇಲ್ಲದ ಫೋನುಗಳು ಒಂದು ಸೋಮವಾರ ಬೆಳಿಗ್ಗೆ ಗುಜರಿಯಾದವು. ಕಾಂಟ್ರ್ಯಾಕ್ಟರ್ ಹೊಸದು ತರಿಸಲಿಲ್ಲ. ‘ನಿಮ್ಮ ನಿಮ್ಮ ಫೋನಲ್ಲೇ ಹಾಕ್ಕೊಳ್ರಪ್ಪ’ ಅಂದ. ಹಾಕ್ಕೊಂಡೆವು.

ಹೊಸದು ತರಿಸೋಣ ಅಂದರೂ ಆ ಹೊತ್ತಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. 2018ರ ಬಜೆಟ್‌ನಲ್ಲಿ ಹೊರಗಿನಿಂದ ಬರುವ ಮೊಬೈಲ್ ಮೇಲಿನ ಸುಂಕ ಶೇ 15ರಿಂದ 20ಕ್ಕೆ ಏರಿತು. 2020ರ ಏಪ್ರಿಲ್‌ನಲ್ಲಿ ಮೊಬೈಲ್ ಮೇಲಿನ ಜಿಎಸ್‌ಟಿ 12ರಿಂದ 18 ಆಯಿತು. ಅದೇ ವರ್ಷ ಗಡಿಯ ಗಲಾಟೆಯ ನಂತರ ಚೀನಾದ ಆ್ಯಪ್‌ಗಳ ಮೇಲೆ ನಿಷೇಧ ಶುರುವಾಗಿ, ನವೆಂಬರ್ 24ರ ಪಟ್ಟಿಯಲ್ಲಿ ಅಲಿಎಕ್ಸ್‌ಪ್ರೆಸ್ ಕೂಡ ಸೇರಿತು. ನಾವು ಈ ಫೋನು ತರಿಸುತ್ತಿದ್ದ ಅಂಗಡಿಯೇ ಅದು. ಇಲ್ಲಿ ಕಾನೂನುಬದ್ಧವಾಗಿ ಮಾರಬೇಕಂದರೆ ಬಿಐಎಸ್ ಅನ್ನೋ ಸರ್ಕಾರಿ ಗುಣಮಟ್ಟ ಸಂಸ್ಥೆಯ ನೋಂದಣಿ ಬೇಕು, ಸರ್ವಿಸ್ ಸೆಂಟರ್ ಬೇಕು. ಸ್ವಲ್ಪವೇ ಫೋನು ಹೋಗುವ ಮಾರುಕಟ್ಟೆಗೆ ಯಾರು ಇಷ್ಟೆಲ್ಲ ಮಾಡ್ತಾರೆ? ಈ ಒಂದೊಂದು ತೀರ್ಮಾನಕ್ಕೂ ಅದರದೇ ಕಾರಣ ಇತ್ತು. ಇಲ್ಲೇ ಫೋನು ತಯಾರಾಗಲಿ ಅನ್ನೋದು ತಪ್ಪಲ್ಲ, ತಯಾರಾಗುತ್ತಲೂ ಇದೆ. ಆದರೆ ತಯಾರಾಗಿದ್ದು ಲಕ್ಷಗಟ್ಟಲೆ ಹೋಗುವ ಗಾಜಿನ ಹಲಗೆಗಳು. ಗುಡ್ಡ ಹತ್ತುವವನ ಫೋನು ಯಾರ ಲೆಕ್ಕದಲ್ಲೂ ಇರಲಿಲ್ಲ.

ಇತ್ತ ಬಾಗಿಲು ಮುಚ್ಚುತ್ತಿದ್ದಾಗಲೇ ಅತ್ತ ಕೆಲಸ ಫೋನಿಗೆ ಏರುತ್ತಿತ್ತು. 2018ರ ಪೋಷಣ್ ಅಭಿಯಾನ ಅನ್ನೋ ಪೌಷ್ಟಿಕತೆ ಯೋಜನೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೆ ಫೋನು ಕೊಟ್ಟರು. ಆಗ ಯಂತ್ರ ಇನ್ನೂ ಇಲಾಖೆಯದೇ. ಆದರೆ ಟೆಂಡರಿನಲ್ಲಿ ಕೊಂಡ ಮಾಮೂಲಿ ಫೋನು. 2021ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಅಂಗನವಾಡಿಯವರು ಗುಂಪುಗುಂಪಾಗಿ ಹೋಗಿ ಆ ಫೋನುಗಳನ್ನು ವಾಪಸ್ ಕೊಟ್ಟು ಬಂದರು. ಮೆಮೊರಿ ಸಾಲದು, ಬಿಸಿಯಾಗುತ್ತೆ, ರಿಪೇರಿ ಖರ್ಚು ನಮ್ಮ ಮೇಲೆ ಬೀಳುತ್ತೆ ಅನ್ನೋದು ಅವರ ದೂರು. ಪರದೆ ಒಡೆದದ್ದು ದೊಡ್ಡ ವಿಷಯವೇ ಆಗಿರಲಿಲ್ಲ. ನಮ್ಮ ಎಂಟು ಫೋನಿನ ಕಥೆಯೂ ಅದೇ ತಾನೆ?

ಉದ್ಯೋಗ ಖಾತರಿಯ ಹಾಜರಿ ಆ್ಯಪು 2021ರ ಮೇ ತಿಂಗಳಲ್ಲಿ ಬಂತು. 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲದಕ್ಕೂ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಜಾಗದ ಗುರುತಿನ ಸಮೇತ ಫೋಟೊ. ನಮ್ಮಲ್ಲಿ ಅದನ್ನು ತೆಗೆಯುತ್ತಿದ್ದದ್ದು ಕಾಯಕ ಬಂಧುಗಳು, ಅಂದರೆ ಕೂಲಿ ಗುಂಪಿನ ಮೇಟಿಗಳು. ಕೆರೆ ಹೂಳಿನ ಮಧ್ಯೆ, ಮಣ್ಣುಗೈಯಲ್ಲಿ, ತಮ್ಮ ಇಲ್ಲವೇ ಮಗನ ಫೋನಿನಲ್ಲಿ. ಒದ್ದೆ ಬೆರಳಿಗೆ ಅಗ್ಗದ ಟಚ್ ಮಾತು ಕೇಳಲ್ಲ. ಸೆರಗಿನಿಂದ ಒರೆಸಿ ಒರೆಸಿ ಒತ್ತಬೇಕು. ಆ ಫೋಟೊ ಅಪ್‌ಲೋಡ್ ಆಗದಿದ್ದರೆ ಇಡೀ ಗುಂಪಿನ ಕೂಲಿಗೆ ಕುತ್ತು. ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲಿ ಮುಷ್ಕರ ಕೂತಾಗ ಹತ್ತಾರು ಆ್ಯಪುಗಳ ಹೊರೆ, ಅದಕ್ಕೆ ತಕ್ಕ ಮೊಬೈಲು ಲ್ಯಾಪ್‌ಟಾಪು ಇಲ್ಲದಿರೋದು ಅವರ ಬೇಡಿಕೆ ಪಟ್ಟಿಯಲ್ಲೇ ಇತ್ತು.

2024ಕ್ಕೆ ಗಟ್ಟಿತನ ಜಾಹೀರಾತಾಗಿ ವಾಪಸ್ ಬಂತು. ವರ್ಷದ ಶುರುವಿನಲ್ಲೇ ಕ್ಯಾಟ್ ಫೋನಿನ ಬುಲ್ಲಿಟ್ ಬಾಗಿಲು ಹಾಕಿತು. ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್ ಎಕ್ಸ್‌ಕವರ್7 ಭಾರತಕ್ಕೆ ಬಂತು. ಬೆಲೆ 27 ಸಾವಿರದ ಮೇಲೆ. ಬ್ಯಾಟರಿಯನ್ನು ಕೈಯಲ್ಲೇ ಬಿಚ್ಚಿ ಬದಲಿಸಬಹುದು, ಗ್ಲೌಸ್ ಹಾಕಿಕೊಂಡೇ ಒತ್ತಬಹುದು. ಜೂನ್‌ನಲ್ಲಿ ಹೆಚ್ಚುಕಡಿಮೆ ಅದೇ ಬೆಲೆಗೆ ಐಪಿ69 ಅಂತ ಒಪ್ಪೊ ಫೋನು ಬಂತು. ಆಮೇಲೆ ಹನ್ನೆರಡು ಹದಿನೈದು ಸಾವಿರದ ಫೋನಿನ ಡಬ್ಬದ ಮೇಲೂ ‘ಮಿಲಿಟರಿ ಗ್ರೇಡ್’.

ಈ ಮಾತಿನ ಮೂಲ ಅಮೆರಿಕ ಸೇನೆಯ ಮಿಲ್-ಎಸ್‌ಟಿಡಿ-810 ಅನ್ನೋ ಪರೀಕ್ಷಾ ಕೈಪಿಡಿ. 1962ರಿಂದ ಇದೆ. ಅದರ 810ಜಿ ಆವೃತ್ತಿಯ ಬೀಳಿಸುವ ಪರೀಕ್ಷೆ ನೋಡಿ: 122 ಸೆಂಟಿಮೀಟರ್ ಎತ್ತರದಿಂದ 26 ಸಲ. ಆರು ಮುಖ, ಎಂಟು ಮೂಲೆ, ಹನ್ನೆರಡು ಅಂಚು, ಒಂದೊಂದರ ಮೇಲೆ ಒಂದು ಸಲ. ಬೀಳೋದು ಕಾಂಕ್ರೀಟಿನ ಮೇಲೆ ಹಾಸಿದ ಎರಡಿಂಚು ಪ್ಲೈವುಡ್ ಮೇಲೆ. ಈ 26 ಏಟನ್ನು ಐದು ಪೀಸುಗಳಿಗೆ ಹಂಚೋಕೂ ಅವಕಾಶ ಇದೆ. ನಿಮ್ಮ ಕೈಲಿರೋದು ಮಾತ್ರ ಒಂದೇ ಪೀಸು. ಅಮೆರಿಕ ಸೇನೆ ಯಾವ ಫೋನಿಗೂ ಸರ್ಟಿಫಿಕೇಟ್ ಕೊಡಲ್ಲ. ಕಂಪನಿಯೋ ಅದು ಹೇಳಿದ ಲ್ಯಾಬೋ ಪರೀಕ್ಷೆ ಮಾಡಿಕೊಳ್ಳುತ್ತೆ, ಯಾವ ಪರೀಕ್ಷೆ ಅನ್ನೋದನ್ನೂ ಆರಿಸಿಕೊಳ್ಳಬಹುದು. ಐಪಿ ಅಂಕಿಯೂ ಹಾಗೇ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಅಲ್ಲಿಯ ನೀರು ಲ್ಯಾಬಿನ ಶುದ್ಧ ನೀರು, ಫೋನು ಹೊಸದು. ಬೆವರು, ಗೊಬ್ಬರದ ನೀರು, ಉಪ್ಪು ಗಾಳಿ ಲೆಕ್ಕಕ್ಕಿಲ್ಲ. ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಇಲ್ಲ.

ಇದು ಸುಳ್ಳು ಅಂತಲ್ಲ. ಹತ್ತು ವರ್ಷದ ಹಿಂದಿನ ಅಗ್ಗದ ಫೋನಿಗೆ ಹೋಲಿಸಿದರೆ ಇವತ್ತಿನದು ನಿಜಕ್ಕೂ ಏಟು ತಾಳುತ್ತೆ. ಆದರೆ ಬಿಸಿಲಲ್ಲಿ ಪರದೆ ಕಾಣುತ್ತಾ, ಐದು ವರ್ಷ ಅಪ್‌ಡೇಟ್ ಬರುತ್ತಾ, ಬ್ಯಾಟರಿ ಸತ್ತರೆ ಬದಲಿಸಬಹುದಾ ಅನ್ನೋದಕ್ಕೆ ಡಬ್ಬದ ಮೇಲೆ ಗುರುತಿಲ್ಲ.

ಬ್ಯಾಟರಿ ವಿಷಯದಲ್ಲಿ ಯುರೋಪು ಒಂದು ನಿಯಮ ಮಾಡಿದೆ. 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಫೋನುಗಳ ಬ್ಯಾಟರಿಯನ್ನು ಬಳಸುವವರೇ ಬದಲಿಸುವಂತಿರಬೇಕು. ಹೆಚ್ಚು ಬಾಳುವ ಬ್ಯಾಟರಿ ಇರುವ, ನೀರು ತಡೆಯುವ ಫೋನುಗಳಿಗೆ ವಿನಾಯಿತಿ ಉಂಟು. ಅಂದರೆ ಹೊರಗೆ ಕೆಲಸ ಮಾಡುವವರಿಗೆ ಬೇಕಾದ ಫೋನಿಗೇ ತಪ್ಪಿಸಿಕೊಳ್ಳುವ ದಾರಿ. ಅದೇ 2027ರ ಫೆಬ್ರವರಿಗೆ ನಮ್ಮಲ್ಲಿ ಜನಗಣತಿ ನಿಗದಿಯಾಗಿದೆ. ಮೊದಲ ಸಲ ಕಾಗದ ಬಿಟ್ಟು ಆ್ಯಪಿನಲ್ಲಿ, ಗಣತಿ ಮಾಡುವವರ ಸ್ವಂತ ಫೋನಿನಲ್ಲಿ.

ಪೌಚು ತಗೊಂಡ ಟೀಚರ್ ಮೊನ್ನೆ ಸಿಕ್ಕಿದ್ದರು. ಆ ಸಮೀಕ್ಷೆಯ ಆರನೇ ದಿನವೇ ಫೋನು ಯಾರದೋ ಮನೆಯ ಕಲ್ಲುಮೆಟ್ಟಿಲ ಮೇಲೆ ಬಿದ್ದು ಕಾಂಬೊ, ಅಂದರೆ ಟಚ್ ಸಮೇತ ಡಿಸ್‌ಪ್ಲೇ, ಹೋಯಿತಂತೆ. ಪೌಚಿನಿಂದ ಹೊರಗೆ ತೆಗೆದಿದ್ದರು, ಫೋಟೊ ಮಂಜು ಬರುತ್ತೆ ಅಂತ. ಡಿಸ್‌ಪ್ಲೇ ಹಾಕಿಸಿದ್ದಕ್ಕೆ 2,800 ರೂಪಾಯಿ. ಬಿಲ್ಲು ವ್ಯಾನಿಟಿ ಬ್ಯಾಗಿನಲ್ಲೇ ಇದೆ. ‘ಯಾರಿಗೆ ಕೊಡಬೇಕು ಅಂತ ಸಮೀಕ್ಷೆಯವರನ್ನ ಕೇಳಿದೆ, ಅವರೂ ನನ್ನನ್ನೇ ಕೇಳಿದ್ರು’ ಅಂದರು.