ಬ್ರೆಡ್ ಮಷಿನ್‌ಗೆ ಹದ ಗೊತ್ತಿಲ್ಲ

ಮಷಿನ್ ಮನೆಗೆ ಬಂದು ಎರಡು ವಾರ ಆಗಿತ್ತು. ರಾತ್ರಿ ಹತ್ತಕ್ಕೆ ನೀರು, ಮೈದಾ, ಉಪ್ಪು, ಸಕ್ಕರೆ, ಯೀಸ್ಟ್ ಎಲ್ಲ ಅಳೆದು ಹಾಕಿ, ಬೆಳಗ್ಗೆ ಆರಕ್ಕೆ ಬ್ರೆಡ್ ರೆಡಿ ಇರಲಿ ಅಂತ ಟೈಮರ್ ಇಟ್ಟು ಮಲಗಿದೆ. ಬೆಳಗ್ಗೆ ಅಡುಗೆಮನೆಯಲ್ಲಿ ವಾಸನೆಯೇನೋ ಘಮ್ಮಂತ ಇತ್ತು. ಮುಚ್ಚಳ ತೆಗೆದರೆ ಮೇಲೆ ಒಣ ಮೈದಾ, ಕೆಳಗೆ ಬೆಂದ ಗೋಂದು. ಪಾತ್ರೆಯ ತಳದಲ್ಲಿ ಕೂರಿಸಬೇಕಾದ ಪುಟ್ಟ ರೆಕ್ಕೆ, ಅಂದರೆ ಪ್ಯಾಡಲ್, ಸಿಂಕ್ ಪಕ್ಕದಲ್ಲಿ ತೊಳೆದಿಟ್ಟ ಲೋಟಗಳ ನಡುವೆ ಹಾಯಾಗಿ ಒಣಗುತ್ತಿತ್ತು.

ಮಷಿನ್ ಮಾತ್ರ ತನ್ನ ಕೆಲಸ ಒಂದನ್ನೂ ಬಿಟ್ಟಿರಲಿಲ್ಲ. ನಾದುವ ಹೊತ್ತಿಗೆ ಬರಿದೇ ತಿರುಗಿತ್ತು. ಉಬ್ಬುವ ಹೊತ್ತಿಗೆ ಬೆಚ್ಚಗಿಟ್ಟಿತ್ತು. ಬೇಯಿಸುವ ಹೊತ್ತಿಗೆ ಬೇಯಿಸಿತ್ತು. ಕೊನೆಗೆ ಬೀಪ್ ಬೀಪ್ ಅಂತ ಕರೆದೂ ಇತ್ತು.

ಈ ಡಬ್ಬದ ಸ್ವಭಾವವೇ ಅದು. ಒಳಗೆ ಇರುವುದು ಒಂದು ಮೋಟಾರು, ಪಾತ್ರೆಯ ಸುತ್ತ ಒಂದು ಹೀಟರ್ ಕಾಯಿಲ್, ಬಿಸಿ ಅಳೆಯುವ ಒಂದು ಸೆನ್ಸರ್, ಜೊತೆಗೊಂದು ಗಡಿಯಾರ. ಅಷ್ಟೇ. ನಾದು, ಸುಮ್ನಿರು, ಮತ್ತೆ ನಾದು, ಉಬ್ಬಲು ಬಿಡು, ಗಾಳಿ ಇಳಿಸು, ಮತ್ತೆ ಉಬ್ಬಲು ಬಿಡು, ಬೇಯಿಸು. ಸಾಮಾನ್ಯ ಬ್ರೆಡ್ಡಿಗೆ ಇದೆಲ್ಲ ಸೇರಿ ಮೂರರಿಂದ ನಾಲ್ಕು ಗಂಟೆ. ಅದಕ್ಕೆ ಹೊತ್ತು ಗೊತ್ತು, ಬಿಸಿ ಗೊತ್ತು. ಹಿಟ್ಟು ಹೇಗಿದೆ ಅನ್ನುವುದು ಗೊತ್ತಿಲ್ಲ.

ಹಾಗಂತ ಇದು ದಡ್ಡ ಯಂತ್ರವೇನೂ ಅಲ್ಲ. ಇದಕ್ಕೆ ನಾದುವುದನ್ನು ಕಲಿಸಿದ ಕಥೆ ಚೆನ್ನಾಗಿದೆ. ಜಪಾನಿನ ಒಸಾಕಾದ ಮತ್ಸುಷಿತಾ ಕಂಪನಿ, ಅಂದರೆ ಈಗಿನ ಪ್ಯಾನಾಸೋನಿಕ್, 1985ರಲ್ಲಿ ಮನೆಬಳಕೆಗೆ ಬ್ರೆಡ್ ಮಷಿನ್ ಮಾಡಲು ಹೊರಟಿತ್ತು. ಹೊರಗೆ ಸೀದು ಹೋಗುತ್ತಿತ್ತು, ಒಳಗೆ ಹಸಿ ಉಳಿಯುತ್ತಿತ್ತು. ಎಂಜಿನಿಯರುಗಳು ಬೇಕರಿಯವರು ನಾದಿದ ಹಿಟ್ಟು, ಮಷಿನ್ ನಾದಿದ ಹಿಟ್ಟು ಎರಡರದ್ದೂ ಎಕ್ಸ್‌ರೇ ತೆಗೆದು ಹೋಲಿಸಿದರು. ಏನೂ ಹೊಳೆಯಲಿಲ್ಲ. ಆಗ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ಎಂಜಿನಿಯರ್, ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಹೆಡ್ ಬೇಕರ್ ಹತ್ತಿರ ಕೆಲಸ ಕಲಿಯಲು ಸೇರಿದರು. ಆ ಊರಲ್ಲಿ ಒಳ್ಳೆಯ ಬ್ರೆಡ್ಡಿಗೆ ಆ ಹೋಟೆಲ್ ಹೆಸರಾಗಿತ್ತು. ಆ ಬೇಕರ್ ಹಿಟ್ಟನ್ನು ಬರೀ ಒತ್ತುವುದಿಲ್ಲ, ಎಳೆದು ತಿರುಚುತ್ತಾರೆ ಎನ್ನುವುದು ಅಲ್ಲಿ ಆಕೆಯ ಕಣ್ಣಿಗೆ ಬಿತ್ತು. ಆಮೇಲೆ ಸುಮಾರು ಒಂದು ವರ್ಷ ಎಂಜಿನಿಯರುಗಳ ಜೊತೆ ಮಾಡಿ, ಕೆಡಿಸಿ, ಮತ್ತೆ ಮಾಡಿದರು. ಕೊನೆಗೆ ಸಿಕ್ಕ ಪರಿಹಾರ ತೀರಾ ಸರಳ: ಒಳಗೋಡೆಯಲ್ಲಿ ಉಬ್ಬು ಏಣುಗಳು. ರೆಕ್ಕೆ ಹಿಟ್ಟನ್ನು ತಿರುಗಿಸುತ್ತದೆ, ಏಣು ಅದನ್ನು ತಡೆಯುತ್ತದೆ, ನಡುವೆ ಸಿಕ್ಕ ಹಿಟ್ಟು ಎಳೆದಾಡಿ ತಿರುಚಿಕೊಳ್ಳುತ್ತದೆ. 1987ರಲ್ಲಿ ಮಷಿನ್ ಅಂಗಡಿಗೆ ಬಂತು. ಭರ್ಜರಿಯಾಗಿ ಮಾರಾಟವೂ ಆಯಿತು.

ಎಳೆದು ತಿರುಚುವುದರಲ್ಲಿ ಅಂಥದ್ದೇನಿದೆ? ಹೋಳಿಗೆ ಕಣಕ ಮಾಡಿದವರಿಗೆ ಇದು ಕೈಗೆ ಗೊತ್ತಿರುವ ವಿಷಯ. ಗೋಧಿಯಲ್ಲಿ ಗ್ಲುಟೆನಿನ್, ಗ್ಲೈಡಿನ್ ಅಂತ ಎರಡು ಬಗೆಯ ಪ್ರೋಟೀನ್ ಇವೆ. ನೀರು ಬಿದ್ದು, ನಾದಿದಾಗ ಇವು ಒಂದಕ್ಕೊಂದು ಹೆಣೆದು ಗ್ಲುಟೆನ್ ಎಂಬ ಬಲೆಯಾಗುತ್ತವೆ. ಒಂದು ಎಳೆದರೆ ವಾಪಸ್ ಬರುವ ಬಿಗಿ ಕೊಡುತ್ತದೆ, ಇನ್ನೊಂದು ಹರಿಯದೆ ಹಿಗ್ಗುವ ಗುಣ ಕೊಡುತ್ತದೆ. ಕಣಕ ನಾದಿ ಎಣ್ಣೆ ಸುರಿದು ಎರಡು ಗಂಟೆ ನೆನೆಯಲು ಬಿಡುತ್ತೇವಲ್ಲ, ಆಗ ಬಿಗಿದುಕೊಂಡ ಬಲೆ ಸಡಿಲವಾಗುತ್ತದೆ. ಅದಕ್ಕೇ ಹೂರಣ ತುಂಬಿ ತಟ್ಟಿದಾಗ ಕಾಗದದಂತೆ ತೆಳ್ಳಗಾಗುತ್ತದೆ. ಬ್ರೆಡ್ ಮಷಿನ್ ನಾದುತ್ತಾ ನಾದುತ್ತಾ ನಡುವೆ ಇದ್ದಕ್ಕಿದ್ದಂತೆ ಸುಮ್ಮನಾಗಿಬಿಡುತ್ತದೆ. ಕೆಟ್ಟುಹೋಯಿತೇನೋ ಅಂತ ನಾನು ಮೊದಲ ದಿನ ಪ್ಲಗ್ ತೆಗೆದು ಮತ್ತೆ ಹಾಕಿದ್ದೆ. ಅದು ಕೆಟ್ಟಿರಲಿಲ್ಲ, ಕಣಕ ನೆನೆಸುತ್ತಿತ್ತು.

ಬಲೆ ಸಿದ್ಧವಾದ ಮೇಲೆ ಗಾಳಿ ತುಂಬುವ ಕೆಲಸ ಯೀಸ್ಟಿನದು. ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್, ಸ್ವಲ್ಪ ಆಲ್ಕೋಹಾಲ್ ಬಿಡುವ ಒಂಟಿಕೋಶದ ಜೀವಿ ಅದು. ಬಿಸಿ ಏರುತ್ತಾ ಹೋದಂತೆ ಮೊದಲು ಹುರುಪಿನಿಂದ ಗಾಳಿ ಬಿಡುತ್ತದೆ. 55-60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಸಾಯುತ್ತದೆ. ಅದೇ ಸುಮಾರಿಗೆ ಪಿಷ್ಟ ನೀರು ಕುಡಿದು ಉಬ್ಬಿ ಗಟ್ಟಿಯಾಗಲು ಶುರುವಾಗುತ್ತದೆ, ಬಿಸಿ ಇನ್ನಷ್ಟು ಏರಿದ ಮೇಲೆ ಗ್ಲುಟೆನ್ ಕೂಡ ಬೆಂದು ನಿಲ್ಲುತ್ತದೆ. ಒಳಗಿನ ಬಿಸಿ 95 ಡಿಗ್ರಿ ದಾಟಿದರೆ ಬ್ರೆಡ್ ಬೆಂದಂತೆ. ಹೊರಗಿನ ಕಂದು ಸಿಪ್ಪೆಗೆ ಬೇಕಾದ ಬಿಸಿ ಇದಕ್ಕಿಂತ ತುಂಬ ಜಾಸ್ತಿ. ಮಷಿನ್‌ನಲ್ಲಿ ಕಾಯಿಲ್ ಇರುವುದು ಕೆಳಗೆ, ಸುತ್ತ. ಹಾಗಾಗಿ ಪಕ್ಕಗಳು ಚೆನ್ನಾಗಿ ಕೆಂಪಾಗುತ್ತವೆ, ನೆತ್ತಿ ಮಾತ್ರ ಬಿಳಿಚಿಕೊಂಡಿರುತ್ತದೆ. ಇದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರ ಮನೆಯಲ್ಲೂ ಹಾಗೇ.

ಹಾಗಾದರೆ ಮಷಿನ್‌ಗೆ ಗೊತ್ತಿಲ್ಲದ್ದು ಏನು? ಹದ.

ನನ್ನ ಅಳತೆ ಇದು: ಮೈದಾ 400 ಗ್ರಾಂ, ನೀರು 250 ಗ್ರಾಂ, ಉಪ್ಪು 7, ಸಕ್ಕರೆ 15, ಬೆಣ್ಣೆ 20, ಇನ್‌ಸ್ಟಂಟ್ ಯೀಸ್ಟ್ 4 ಗ್ರಾಂ. ತಕ್ಕಡಿಯಲ್ಲೇ ಅಳೆಯಿರಿ, ಕಪ್ಪಿನಲ್ಲಿ ಬೇಡ. ಒಂದು ಕಪ್ ಮೈದಾ ಒತ್ತಿ ತುಂಬಿದರೆ ಒಂದು ತೂಕ, ಜರಡಿ ಹಿಡಿದು ತುಂಬಿದರೆ ಇನ್ನೊಂದು ತೂಕ. ಆದರೆ ಇದೇ ಅಳತೆಗೆ ಮಳೆಗಾಲದಲ್ಲಿ ಹಿಟ್ಟು ಅಂಟಂಟಾಗುತ್ತದೆ. ಹೊಸ ಪ್ಯಾಕೆಟ್ ಒಡೆದ ದಿನ ಗಟ್ಟಿಯಾಗುತ್ತದೆ. ಅದಕ್ಕೇ ನಾದಲು ಶುರುಮಾಡಿ ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಬೇಕು. ಬೆರಳಿಟ್ಟು ನೋಡಬೇಕು.

ನಮ್ಮಮ್ಮ ಒಮ್ಮೆ ಹಾಗೆ ಬೆರಳಿಟ್ಟು, "ಇದು ಚಪಾತಿ ಹಿಟ್ಟಾಯ್ತು ಕಣೋ. ಹೋಳಿಗೆ ಕಣಕದಷ್ಟು ಸಡಿಲ ಬೇಡ, ಆದ್ರೆ ಇಷ್ಟು ಗಟ್ಟಿಯೂ ಬೇಡ" ಅಂದರು. ಎರಡು ಚಮಚ ನೀರು ಬಿಟ್ಟೆ. ಐದು ನಿಮಿಷದಲ್ಲಿ ಹಿಟ್ಟು ಪಾತ್ರೆಯ ಗೋಡೆ ಬಿಟ್ಟು ಒಂದೇ ಉಂಡೆಯಾಗಿ, ನುಣ್ಣಗೆ, ರೆಕ್ಕೆಯ ಮೇಲೆ ಪಟಪಟ ಬಡಿಯುತ್ತಾ ತಿರುಗತೊಡಗಿತು. ಮಷಿನ್ ಜೊತೆ ಬಂದ ಪುಸ್ತಕವನ್ನು ನಾನು ಎರಡು ಸಲ ಓದಿದ್ದೆ. ಆ ಒಂದು ವಾಕ್ಯ ಅದರಲ್ಲಿ ಇರಲಿಲ್ಲ.

ಹಿಟ್ಟಿನ ವಿಷಯಕ್ಕೆ ಬಂದರೆ ಮಾತು ಸ್ವಲ್ಪ ಉದ್ದ. ಇಂಗ್ಲಿಷ್ ರೆಸಿಪಿಗಳಲ್ಲಿ ಬ್ರೆಡ್ ಫ್ಲೋರ್ ಅಂದರೆ ಶೇಕಡಾ 12-13 ಪ್ರೋಟೀನ್ ಇರುವ ಹಿಟ್ಟು. ನಮ್ಮ ಅಂಗಡಿಯ ಮೈದಾದಲ್ಲಿ ಸಾಮಾನ್ಯವಾಗಿ 10ರ ಆಸುಪಾಸು. ಪ್ಯಾಕೆಟ್ ಹಿಂದೆ ಬರೆದಿರುತ್ತದೆ, ಓದಿ ತನ್ನಿ. 11ಕ್ಕಿಂತ ಮೇಲಿದ್ದರೆ ಒಳ್ಳೆಯದು. ಬಲೆ ದುರ್ಬಲವಾದಷ್ಟೂ ಬ್ರೆಡ್ ಉಬ್ಬಿ ಕುಸಿಯುತ್ತದೆ. ಬೇಕರಿಗಳು ಹಿಂದೆ ಇದಕ್ಕೆ ಪೊಟ್ಯಾಷಿಯಂ ಬ್ರೋಮೇಟ್ ಬಳಸುತ್ತಿದ್ದವು. ಅದು ಗ್ಲುಟೆನ್ ಬಲೆಯನ್ನು ಬಿಗಿ ಮಾಡುತ್ತದೆ. ಕ್ಯಾನ್ಸರ್ ತರಬಹುದೆಂಬ ಕಾರಣಕ್ಕೆ ಭಾರತದಲ್ಲಿ 2016ರಲ್ಲಿ ಅದನ್ನು ನಿಷೇಧಿಸಿದರು. ನನ್ನ ಪರಿಚಯದ ಹಲವರು ಬ್ರೆಡ್ ಮಷಿನ್ ತಗೊಂಡಿದ್ದು ಆ ಸುದ್ದಿ ಓದಿದ ಮೇಲೆ.

ಮಷಿನ್ ತಗೊಂಡವರೆಲ್ಲ ಎರಡನೇ ದಿನವೇ ಮಾಡುವ ತಪ್ಪು ಇನ್ನೊಂದಿದೆ: ಪೂರ್ತಿ ಗೋಧಿ ಹಿಟ್ಟಿನ ಬ್ರೆಡ್. ಫಲಿತಾಂಶ ಇಟ್ಟಿಗೆ. ತಪ್ಪು ಗೋಧಿಯದಲ್ಲ, ಬೀಸುವ ರೀತಿಯದು. ಚಕ್ಕಿಯ ಕಲ್ಲುಗಳ ನಡುವೆ ಒತ್ತಡಕ್ಕೂ ಬಿಸಿಗೂ ಸಿಕ್ಕಿ ಪಿಷ್ಟದ ಕಣಗಳು ಜಾಸ್ತಿ ಒಡೆಯುತ್ತವೆ. ಒಡೆದ ಪಿಷ್ಟ ಹೆಚ್ಚು ನೀರು ಕುಡಿಯುತ್ತದೆ. ಚಪಾತಿ ಮೆತ್ತಗಿರುವುದು ಇದರಿಂದಲೇ. ಬ್ರೆಡ್ಡಿಗೆ ಬಂದರೆ ಅದೇ ಗುಣ ಉಲ್ಟಾ ಹೊಡೆಯುತ್ತದೆ, ಒಳಗೆ ಜಿಗುಟು. ಜೊತೆಗೆ ತೌಡಿನ ಚೂಪು ಚೂರುಗಳು ಗ್ಲುಟೆನ್ ಪದರವನ್ನು ಅಲ್ಲಲ್ಲಿ ಹರಿಯುತ್ತವೆ. ಅರ್ಧ ಮೈದಾ, ಅರ್ಧ ಗೋಧಿಯಿಂದ ಶುರು ಮಾಡಿ, ನೀರು ಮೂವತ್ತು ಗ್ರಾಂ ಹೆಚ್ಚಿಸಿ. ಪೂರ್ತಿ ಗೋಧಿಯೇ ಬೇಕು ಅಂದರೆ ಗ್ಲುಟೆನ್ ಪುಡಿ ಪ್ರತ್ಯೇಕವಾಗಿ ಸಿಗುತ್ತದೆ, ಒಂದೆರಡು ಚಮಚ ಸೇರಿಸಿ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಬೆಳೆಯುವ ಸದಕ ಗೋಧಿ, ಅಂದರೆ ಖಪ್ಲಿ, ಹುಗ್ಗಿಗೆ ಬಹಳ ಚೆಂದ. ಅದರ ಗ್ಲುಟೆನ್ ಬಲ ಸಾಲದು, ಬ್ರೆಡ್ ಮೇಲೇಳುವುದಿಲ್ಲ. ರಾಗಿಯಲ್ಲಂತೂ ಗ್ಲುಟೆನ್ ಇಲ್ಲವೇ ಇಲ್ಲ. ಐವತ್ತು ಗ್ರಾಂ ಬೆರೆಸಿದರೆ ಬಣ್ಣ, ರುಚಿ ಬರುತ್ತದೆ. ಅದಕ್ಕಿಂತ ಜಾಸ್ತಿ ಹಾಕುವುದಾದರೆ ಮುದ್ದೆಯನ್ನೇ ಮಾಡಿಕೊಳ್ಳಿ.

ಇನ್ನು ಹವೆ. ಇಡ್ಲಿ ಹಿಟ್ಟು ಡಿಸೆಂಬರ್‌ನಲ್ಲಿ ಏಳದೆ, ಏಪ್ರಿಲ್‌ನಲ್ಲಿ ಪಾತ್ರೆ ಉಕ್ಕಿ ಹರಿಯುವುದನ್ನು ನೋಡಿದವರಿಗೆ ಹೊಸದಾಗಿ ಹೇಳಬೇಕಿಲ್ಲ. ಮಷಿನ್‌ಗೆ ಹಿಟ್ಟನ್ನು ಬೆಚ್ಚಗೆ ಮಾಡಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಫ್ರಿಜ್ ನೀರು ಹಾಕಿ, ಯೀಸ್ಟ್ ಕಾಲು ಭಾಗ ಕಡಿಮೆ ಮಾಡಿ. ಬೆಂಗಳೂರಿನಲ್ಲಿ ಇನ್ನೊಂದು ಸಣ್ಣ ತಕರಾರಿದೆ. ಊರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಗಾಳಿಯ ಒತ್ತಡ ಅಷ್ಟು ಕಡಿಮೆ ಇರುವುದರಿಂದ ಗುಳ್ಳೆಗಳು ಸಲೀಸಾಗಿ ಹಿಗ್ಗುತ್ತವೆ. ನೆತ್ತಿ ಗುಂಡಿ ಬೀಳುತ್ತಿದ್ದರೆ ಮೊದಲು ಯೀಸ್ಟ್ ಒಂದು ಚಿಟಿಕೆ ಇಳಿಸಿ, ಆಮೇಲೆ ನೀರು ಒಂದು ಚಮಚ. ಎರಡನ್ನೂ ಒಂದೇ ದಿನ ಬದಲಾಯಿಸಿದರೆ ತಪ್ಪು ಯಾವುದರದು ಅಂತ ಗೊತ್ತಾಗುವುದಿಲ್ಲ.

ಟೈಮರ್ ಇಡುವುದಾದರೆ ಕೆಳಗೆ ನೀರು, ಮೇಲೆ ಹಿಟ್ಟು, ಹಿಟ್ಟಿನಲ್ಲೊಂದು ಗುಂಡಿ ಮಾಡಿ ಅದರಲ್ಲಿ ಯೀಸ್ಟ್. ನೀರು ತಾಗಿದರೆ ಯೀಸ್ಟ್ ರಾತ್ರಿಯೇ ಎದ್ದು ಕೂರುತ್ತದೆ. ಹಾಲು, ಮೊಟ್ಟೆ ಹಾಕಿ ರಾತ್ರಿಯಿಡೀ ಬಿಡಬೇಡಿ. ರೆಕ್ಕೆ ಹಾಕಿ.

ಕೊಳ್ಳುವವರಿಗೆ ನನ್ನ ಕಿವಿಮಾತು. ಇಪ್ಪತ್ತು ಮೆನು, ಇಪ್ಪತ್ತೈದು ಮೆನು ಅಂತ ಡಬ್ಬದ ಮೇಲೆ ಬರೆದಿರುವುದಕ್ಕೆ ಮರುಳಾಗಬೇಡಿ. ನಾನು ಬಳಸುವುದು ಮೂರೇ: ಮಾಮೂಲಿ ಬ್ರೆಡ್, ಬರೀ ಹಿಟ್ಟು ನಾದುವುದು, ಬರೀ ಬೇಯಿಸುವುದು. ನಾದುವ ಮೆನು ಇದ್ದರೆ ಪಾವ್, ಬನ್, ಪಿಜ್ಜಾ ಎಲ್ಲಕ್ಕೂ ಆಗುತ್ತದೆ. ರೆಕ್ಕೆ, ಪಾತ್ರೆ ಎರಡೂ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿಯೇ ದುಡ್ಡು ಕೊಡಿ. ಮೊದಲು ಸವೆಯುವುದು ಅವೇ. ಕರೆಂಟ್ ಖರ್ಚಿಗೆ ಹೆದರಬೇಕಿಲ್ಲ. 550 ವಾಟ್ ಹೀಟರ್ ಬೇಯಿಸುವ ಒಂದು ಗಂಟೆ ಪೂರ್ತಿ ಉರಿದರೂ ಅರ್ಧ ಯೂನಿಟ್ ಚಿಲ್ಲರೆ, ಅದೂ ನಡುನಡುವೆ ಆಫ್ ಆಗುತ್ತಿರುತ್ತದೆ. ಅಮೆರಿಕದಲ್ಲಿರುವ ತಮ್ಮ ಬರುವಾಗ ತಂದುಕೊಡ್ತೀನಿ ಅಂದರೆ ಬೇಡ ಅನ್ನಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ನೇರ ಹಾಕಿದರೆ ಸುಟ್ಟೇಹೋಗುತ್ತದೆ.

ಕರೆಂಟ್ ಹೋದರೆ ಎಷ್ಟು ನಿಮಿಷ ನೆನಪಿಟ್ಟುಕೊಳ್ಳುತ್ತದೆ ಅನ್ನುವುದನ್ನೂ ಕೇಳಿ. ನನ್ನದಕ್ಕೆ ಹತ್ತು ನಿಮಿಷ. ಒಂದು ಭಾನುವಾರ ಎರಡನೇ ಸಲ ಉಬ್ಬುವ ಹೊತ್ತಿಗೆ ಹೋದ ಕರೆಂಟ್ ಬಂದಿದ್ದು ಮುಕ್ಕಾಲು ಗಂಟೆ ಬಿಟ್ಟು. ಅಷ್ಟರಲ್ಲಿ ಹಿಟ್ಟನ್ನು ಉಂಡೆ ಮಾಡಿ, ಲಟ್ಟಿಸಿ, ಕಾವಲಿ ಮೇಲೆ ಕುಲ್ಚಾ ಮಾಡಿ ತಿಂದಾಗಿತ್ತು.

ಮನೆಯ ಬ್ರೆಡ್ಡಿನಲ್ಲಿ ಬೂಸ್ಟು ತಡೆಯುವ ಪುಡಿ ಇರುವುದಿಲ್ಲ. ಮಳೆಗಾಲದಲ್ಲಿ ಮೂರನೇ ದಿನಕ್ಕೆ ಅನುಮಾನದಿಂದ ನೋಡಬೇಕು. ಹಾಗಂತ ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ. ಒಣಗಿ ಗಟ್ಟಿಯಾಗುವುದಲ್ಲ ಅದು. ಫ್ರೆಂಚ್ ವಿಜ್ಞಾನಿ ಬೂಸಾಂಗೊ 1852ರಲ್ಲೇ ಇದನ್ನು ತೋರಿಸಿದ್ದರು: ನೀರು ಹೊರಹೋಗದಂತೆ ಮುಚ್ಚಿಟ್ಟರೂ ಬ್ರೆಡ್ ಹಳಸಿ ಬಿರುಸಾಗುತ್ತದೆ, ಮತ್ತೆ ಬಿಸಿ ಮಾಡಿದರೆ ಮೆತ್ತಗಾಗುತ್ತದೆ. ಬೆಂದ ಪಿಷ್ಟ ತಣ್ಣಗಾದಂತೆ ಮತ್ತೆ ಹರಳುಗಟ್ಟುವುದೇ ಕಾರಣ. ಫ್ರಿಜ್ಜಿನ ತಂಪಿನಲ್ಲಿ ಅದು ಇನ್ನೂ ಬೇಗ. ಫ್ರೀಜರ್‌ನಲ್ಲಿ ಮಾತ್ರ ನಿಂತುಬಿಡುತ್ತದೆ. ಅದಕ್ಕೆ ತಣ್ಣಗಾದ ಕೂಡಲೇ ಹೋಳು ಮಾಡಿ ಫ್ರೀಜರ್‌ಗೆ ಹಾಕುತ್ತೇನೆ, ಬೇಕಾದಾಗ ಎರಡು ಹೋಳು ನೇರ ಕಾವಲಿಗೆ.

ಫ್ರೀಜರ್‌ಗೆ ಹೋಗದ ಹೋಳು ಒಂದೇ. ಬೆಂದ ಬ್ರೆಡ್ ಪಾತ್ರೆಯಿಂದ ಬೀಳುವಾಗ ರೆಕ್ಕೆಯೂ ಅದರ ಹೊಟ್ಟೆಯೊಳಗೇ ಬರುತ್ತದೆ. ಮರದ ಕಡ್ಡಿಯಿಂದ ಎಬ್ಬಿ ತೆಗೆದರೆ ತಳದಲ್ಲಿ ಒಂದು ತೂತು. ಆ ತಳದ ತುಂಡು ಬಿಸಿ ಇರುವಾಗಲೇ ಕೊಯ್ದು, ತೂತಿಗೆ ಚಟ್ನಿಪುಡಿ ತುಂಬಿ ಮೇಲೆ ತುಪ್ಪ ಬಿಟ್ಟರೆ ನಮ್ಮ ಮನೆಯಲ್ಲಿ ಅದಕ್ಕೇ ಜಗಳ.