ರಜೆಯಲ್ಲಿ ಮಗಳು ಕೆಲಸಕ್ಕೆ ಹೋಗಬಹುದೇ?

ಪ್ರಶ್ನೆ: ಮಗಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಬರೆದಿದ್ದಾಳೆ. ಪ್ಲಸ್ ವನ್ (ಹನ್ನೊಂದನೇ ತರಗತಿ) ಶುರುವಾಗುವ ತನಕ ಕೆಲಸಕ್ಕೆ ಹೋಗುತ್ತೇನೆ ಅನ್ನುತ್ತಾಳೆ. ಕಳಿಸಬಹುದೇ? ಯಾವ ಕೆಲಸ ಒಳ್ಳೆಯದು?

ಉತ್ತರ: 14 ತುಂಬಿದ್ದರೆ ಕಳಿಸಬಹುದು. ಆದರೆ 18 ತುಂಬದವರನ್ನು ದಿನಕ್ಕೆ ಬಿಡುವೂ ಸೇರಿ 6 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. 3 ಗಂಟೆ ಕೆಲಸ ಆಗುತ್ತಲೇ 1 ಗಂಟೆ ವಿರಾಮ ಕೊಡಬೇಕು, ವಾರಕ್ಕೊಂದು ರಜೆ ಕೊಡಬೇಕು. ರಾತ್ರಿ 7ರಿಂದ ಬೆಳಿಗ್ಗೆ 8ರ ತನಕ ಕೆಲಸ ಕೂಡದು. ಮದುವೆ ಸೀಸನ್ನಿನಲ್ಲಿ ಕೇಟರಿಂಗ್‌ನವರು ರಾತ್ರಿ ಊಟಕ್ಕೆ ಬಡಿಸಲು ಕರೆದರೆ ಬೇಡವೆಂದೇ ಹೇಳಿ. ಪಟಾಕಿ, ಸಿಡಿಮದ್ದಿನ ಹತ್ತಿರಕ್ಕಂತೂ ಬಿಡಬೇಡಿ.

ಮನೆಯಲ್ಲಿ ಅಡಿಕೆ ಇದ್ದರೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಆರಿಸಲು ಕೂರಿಸಿ. ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಕೆಳದರ್ಜೆಯ ಅಡಿಕೆಗಳನ್ನು ಬೇರೆ ಮಾಡಲು ಕಣ್ಣು ಪಳಗಿದರೆ ಮಾರುವಾಗ ಯಾರೂ ಮೋಸ ಮಾಡಲಾರರು.

ಕಾಸರಗೋಡಿನ ಮಕ್ಕಳಿಗೆ ನಾವು ಮೊದಲು ಹೇಳುವುದು ಮಾತ್ರ ಟೈಪಿಂಗ್. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಅಂಗಡಿ, ಪ್ರೆಸ್ಸು, ಸರ್ಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರಗಳಲ್ಲಿ ಕನ್ನಡವನ್ನೂ ಮಲಯಾಳವನ್ನೂ ತಪ್ಪಿಲ್ಲದೆ ಹೊಡೆಯುವ ಕೈಗೆ ಬೆಲೆಯಿದೆ. ಭಾರತದ ಭಾಷೆಗಳಿಗೆಲ್ಲ ಒಂದೇ ಜೋಡಣೆಯಿರುವ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನೇ ಕಲಿಸಿ. ವಿಂಡೋಸ್‌ನಲ್ಲಿ ಅದು ಪುಕ್ಕಟೆ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಎರಡೂ ಭಾಷೆ ಸೇರಿಸಿಕೊಂಡರಾಯಿತು. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ‘ಮಕ್ಕಳು’ ಬೇಕೆಂದರೆ ಸಿ, ಕೆ, ಡಿ, ಕೆ, ಶಿಫ್ಟ್ ಹಿಡಿದು ಎನ್, ಕೊನೆಗೆ ಜಿ. ನಡುವಿನ ಡಿ ಒತ್ತಿದ್ದರಿಂದ ಒತ್ತಕ್ಷರ ಬಂತು. ಇದೇ ಕೀಲಿಗಳನ್ನು ಮಲಯಾಳಕ್ಕೆ ಬದಲಿಸಿ ಒತ್ತಿದರೆ ಅದೇ ಪದ ಆ ಲಿಪಿಯಲ್ಲಿ ಮೂಡುತ್ತದೆ. ಒಂದು ಅಭ್ಯಾಸಕ್ಕೆ ಎರಡು ಭಾಷೆ! ದಿನಕ್ಕೆ ಮುಕ್ಕಾಲು ಗಂಟೆ, ಕೀಲಿ ನೋಡದೆ, ಪತ್ರಿಕೆಯ ಒಂದು ಪ್ಯಾರಾ ಹೊಡೆಯಲಿ. ಮೊದಲೇ ವೇಗಕ್ಕೆ ಹೋದರೆ ತಪ್ಪೇ ರೂಢಿಯಾಗುತ್ತದೆ.

ಎಡವುವುದು ಎರಡು ಕಡೆ. ‘ರ‍್ಯಾಂಕ್’ ಎಂದು ಬರೆಯಹೋದರೆ ‘ರ್ಯಾಂಕ್’ ಎಂದು ಅರ್ಕಾವತ್ತು ಬಂದು ಕೂರುತ್ತದೆ. ರ ಆದ ಮೇಲೆ, ಡಿ ಒತ್ತುವ ಮೊದಲು, ಕಾಣದ ಜೋಡಕವೊಂದನ್ನು ಹಾಕಬೇಕು. ಅದನ್ನು ಜೀರೋ ವಿಡ್ತ್ ಜಾಯಿನರ್ ಅನ್ನುತ್ತಾರೆ. ಇನ್ನೊಂದು, ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದದ್ದು ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಅಂಗಡಿಗೆ ಸೇರಿದ ದಿನವೇ, ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಬೇಕೋ ಹಳೆ ಫಾಂಟ್ ಬೇಕೋ, ಸಂಬಳ ಪುಟಕ್ಕೋ ದಿನಕ್ಕೋ ಎಂದು ಕೇಳಿಕೊಳ್ಳಲಿ.